ಒಂದು ಮೂರಾಗುತ್ತದೆ, ಆದರೆ ಎರಡಾಗುವುದಿಲ್ಲ: ಕುನ್ಟ್ಸ್ ಅವರ ಬೀಜಗಣಿತ

ಒಂದು ಹಳೆಯ ನೋಟ್‌ಬುಕ್ಕಿನ ಹಾಳೆ ತೆಗೆದುಕೊಳ್ಳಿ. ಅದನ್ನು ಮೂರು ತುಂಡು ಮಾಡಿ. ಆ ಮೂರರಲ್ಲಿ ಬೇಕಾದ ಒಂದನ್ನು ಎತ್ತಿ ಮತ್ತೆ ಮೂರು ಮಾಡಿ. ಹೀಗೆ ಎಷ್ಟು ಸಲ ಬೇಕಾದರೂ ಹರಿಯಿರಿ. ನಿಯಮ ಒಂದೇ: ಪ್ರತಿ ಸಲವೂ ಒಂದು ತುಂಡು ಮೂರೇ ಆಗಬೇಕು, ಎರಡೂ ಅಲ್ಲ, ನಾಲ್ಕೂ ಅಲ್ಲ. ಈಗ ಹೇಳಿ, ಎಂದಾದರೂ ನಿಮ್ಮ ಡೆಸ್ಕಿನ ಮೇಲೆ ಸರಿಯಾಗಿ 100 ತುಂಡುಗಳು ಬರುತ್ತವೆಯೇ?

ಹರಿಯುತ್ತಾ ಕೂರಬೇಡಿ, ಹಾಳೆ ದಂಡ. ಎಣಿಸಿ ನೋಡಿ. ಪ್ರತಿ ಸಲ ಒಂದು ತುಂಡು ಹೋಗಿ ಮೂರು ಬರುತ್ತವೆ, ಅಂದರೆ ಎರಡು ಹೆಚ್ಚಾಗುತ್ತವೆ. 1, 3, 5, 7, 9... ಯಾವಾಗಲೂ ಬೆಸಸಂಖ್ಯೆಯೇ. 99 ಬರುತ್ತದೆ, 101 ಬರುತ್ತದೆ, 100 ಮಾತ್ರ ಬರುವುದೇ ಇಲ್ಲ. ಮೂರರ ಬದಲು ಹತ್ತು ತುಂಡು ಮಾಡುವ ಆಟವಾದರೆ ಪ್ರತಿ ಸಲ ಒಂಬತ್ತು ಹೆಚ್ಚಾಗುತ್ತದೆ: 1, 10, 19, 28... ಆಗ 1000 ಸಿಗುತ್ತದೆ (111 ಸಲ ಹರಿಯಬೇಕು), 500 ಸಿಗೋದಿಲ್ಲ.

ಇದು ಆರನೇ ತರಗತಿಯವರೂ ಬಿಡಿಸುವ ಒಗಟು. ಇದೇ ಒಗಟಿಗೆ ಒಂದು ದೊಡ್ಡ ರೂಪ ಇದೆ. ಅಲ್ಲಿ ಹಾಳೆಯ ಬದಲು ಕೊನೆಯೇ ಇಲ್ಲದ ಒಂದು ವಸ್ತು. ಅದನ್ನು ಮೂರು ಮಾಡಿದರೆ ಪ್ರತಿ ಭಾಗವೂ ಇಡೀ ವಸ್ತುವಿನಷ್ಟೇ ಇರುತ್ತದೆ! ಅಂಥ ಕಡೆ "ಇಷ್ಟೇ ಭಾಗ ಮಾಡಬಹುದು, ಅಷ್ಟು ಮಾಡಲಾಗದು" ಎಂದು ಹೇಳಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದವರು ಜರ್ಮನಿಯ ಗಣಿತಜ್ಞ ಯೋಆಖಿಮ್ ಕುನ್ಟ್ಸ್. ಅವರ ಕೆಲಸದ ಬಗ್ಗೆ ಈ ಲೇಖನ. ಬಾಲ್ಯದಲ್ಲಿ ನಪಾಸಾಗಿ ಆಮೇಲೆ ಜಗತ್ತನ್ನೇ ಗೆದ್ದ ಕಥೆ ಬೇಕು ಎನ್ನುವವರಿಗೆ ನಿರಾಸೆ ಆಗಬಹುದು. ಅವರದು ಪಾಠ ಹೇಳುತ್ತಾ, ಬರೆಯುತ್ತಾ ಕಳೆದ ಮೇಷ್ಟ್ರ ಬದುಕು. ರೋಚಕವಾದದ್ದೆಲ್ಲ ಲೆಕ್ಕದ ಒಳಗೇ ಇದೆ.

ಕುನ್ಟ್ಸ್ ಹುಟ್ಟಿದ್ದು 1948ರ ಸೆಪ್ಟೆಂಬರ್ 28ರಂದು, ಮಾನ್‌ಹೈಮ್ ಎಂಬ ಊರಿನಲ್ಲಿ. ಎರಡನೇ ಮಹಾಯುದ್ಧ ಮುಗಿದು ಆಗ ಮೂರು ವರ್ಷ. 1975ರಲ್ಲಿ ಬೀಲೆಫೆಲ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಮಾರ್ಗದರ್ಶಕರು ಹೋರ್ಸ್ಟ್ ಲೆಪ್ಟಿನ್. ನಂತರ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬಂದರು. ಆಗಿನ್ನೂ ಬರ್ಲಿನ್ ನಗರವನ್ನು ಗೋಡೆ ಎರಡು ಮಾಡಿತ್ತು. ಈ ವಿಶ್ವವಿದ್ಯಾಲಯ ಇದ್ದದ್ದು ಪಶ್ಚಿಮದ ಅರ್ಧದಲ್ಲಿ. ಅಲ್ಲಿದ್ದಾಗಲೇ 1977ರಲ್ಲಿ ಅವರ 13 ಪುಟಗಳ ಒಂದು ಲೇಖನ ಅಚ್ಚಾಯಿತು. ಗಣಿತ ಮತ್ತು ಭೌತಶಾಸ್ತ್ರ ಕೂಡುವ ಜಾಗದ ಪತ್ರಿಕೆ ಅದು, 'ಕಮ್ಯುನಿಕೇಶನ್ಸ್ ಇನ್ ಮ್ಯಾಥಮ್ಯಾಟಿಕಲ್ ಫಿಸಿಕ್ಸ್'. ಆ 13 ಪುಟಗಳಲ್ಲಿ ಹುಟ್ಟಿದ್ದನ್ನು ಇಂದು ಜಗತ್ತೆಲ್ಲ 'ಕುನ್ಟ್ಸ್ ಬೀಜಗಣಿತ' ಎಂದು ಕರೆಯುತ್ತದೆ.

ಅದು ಏನು ಅಂತ ನೋಡಬೇಕಾದರೆ ಮೊದಲು ಆಪರೇಟರ್ ಅಂದರೇನು ಎಂದು ತಿಳಿಯಬೇಕು. ಭಯ ಬೇಡ. ಆಪರೇಟರ್ ಅಂದರೆ ಒಂದು ಕೆಲಸ, ಒಂದು ಕ್ರಿಯೆ. 'ಎರಡರಿಂದ ಗುಣಿಸು' ಒಂದು ಕ್ರಿಯೆ. 'ಒಂದು ಕೂಡಿಸು' ಇನ್ನೊಂದು. ಈಗ 5ನ್ನು ತೆಗೆದುಕೊಂಡು ಮೊದಲು ಗುಣಿಸಿ, ಆಮೇಲೆ ಕೂಡಿಸಿ: 11. ಮೊದಲು ಕೂಡಿಸಿ, ಆಮೇಲೆ ಗುಣಿಸಿ: 12. ಕ್ರಮ ಬದಲಾದರೆ ಉತ್ತರವೇ ಬದಲು! ಸಂಖ್ಯೆಗಳಲ್ಲಿ 3 × 4 ಮತ್ತು 4 × 3 ಒಂದೇ, ಆದರೆ ಕ್ರಿಯೆಗಳ ಲೋಕದಲ್ಲಿ ಆ ಸೌಕರ್ಯ ಇಲ್ಲ. ಹೊಸೂರು, ತಾಳವಾಡಿ ಕಡೆಯ ಮಕ್ಕಳಿಗೆ ಹತ್ತನೇ ತರಗತಿಯ ಪಠ್ಯದಲ್ಲೇ ಮಾತೃಕೆಗಳು ಬರುತ್ತವೆ, ಅವರು ಇದನ್ನು ಆಗಲೇ ಕಂಡಿರುತ್ತಾರೆ. ಕಾಸರಗೋಡು, ವಯನಾಡಿನವರು ಪ್ಲಸ್ ಟು ತನಕ ಕಾಯಬೇಕು. ಗಡಿನಾಡಿನ ನಮ್ಮ ಶಾಲೆಗಳಲ್ಲಿ ಭಾಷೆ ಒಂದೇ ಆದರೂ ಸಿಲೆಬಸ್ ಮಾತ್ರ ರಾಜ್ಯಕ್ಕೊಂದು, ಏನು ಮಾಡೋಣ.

ಕ್ರಮ ಬದಲಾದರೆ ಉತ್ತರ ಬದಲಾಗುವ ಗುಣಾಕಾರ ಬರೀ ಆಟವಲ್ಲ ಎಂದು ಗೊತ್ತಾದದ್ದು 1925ರಲ್ಲಿ. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿದ್ದ ವರ್ನರ್ ಹೈಸೆನ್‌ಬರ್ಗ್ ಪರಮಾಣುವಿನ ಲೆಕ್ಕ ಮಾಡುವಾಗ ಅಂಥ ವಿಚಿತ್ರ ಗುಣಾಕಾರ ಕಂಡು ಗಲಿಬಿಲಿಗೊಂಡರು. "ಇದು ಮಾತೃಕೆಗಳ ಗುಣಾಕಾರ" ಎಂದು ಗುರುತಿಸಿದವರು ಅವರ ಹಿರಿಯ ಮ್ಯಾಕ್ಸ್ ಬಾರ್ನ್. ಈ ಬಾರ್ನ್ ಅವರ ಹೆಸರು ನೆನಪಿಟ್ಟುಕೊಳ್ಳಿ. ಯೆಹೂದಿ ಎಂಬ ಕಾರಣಕ್ಕೆ 1933ರಲ್ಲಿ ನಾಜಿ ಸರ್ಕಾರ ಅವರ ಕೆಲಸ ಕಿತ್ತುಕೊಂಡಿತು. ದೇಶ ಬಿಟ್ಟ ಅವರು 1935-36ರಲ್ಲಿ ಸಿ.ವಿ. ರಾಮನ್ ಅವರ ಕರೆಯ ಮೇರೆಗೆ ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದು ಹೋದರು.

ಆ ವಿಚಿತ್ರ ಗುಣಾಕಾರದ ಹಿಂದಿನ ಶುದ್ಧ ಗಣಿತವನ್ನು ಕಟ್ಟಲು ಹೊರಟವರು ಬುಡಾಪೆಸ್ಟಿನಲ್ಲಿ ಹುಟ್ಟಿ ಗ್ಯೋಟಿಂಗೆನ್ ಮತ್ತು ಬರ್ಲಿನ್‌ನಲ್ಲಿ ಕೆಲಸ ಮಾಡಿದ ಜಾನ್ ಫಾನ್ ನಾಯ್‌ಮನ್. ಅವರ ಮೊದಲ ಲೇಖನಗಳು ಜರ್ಮನ್ ಭಾಷೆಯಲ್ಲಿವೆ. ಅಮೆರಿಕಕ್ಕೆ ಹೋದ ಮೇಲೆ, 1936ರಿಂದ ಫ್ರಾನ್ಸಿಸ್ ಮರ್ರೆ ಜೊತೆ ಬರೆದದ್ದು ಇಂಗ್ಲಿಷಿನಲ್ಲಿ. 1943ರಲ್ಲಿ ರಷ್ಯದ ಗೆಲ್‌ಫಾಂಡ್ ಮತ್ತು ನೈಮಾರ್ಕ್ ಇದಕ್ಕೆ ಇನ್ನೊಂದು ಅಡಿಪಾಯ ಹಾಕಿದರು. ಅವರು ಕಟ್ಟಿದ ರಚನೆಗಳಿಗೆ ಸಿ-ಸ್ಟಾರ್ ಬೀಜಗಣಿತ ಎಂದು ಹೆಸರು. ಹೀಗೆ ಜರ್ಮನ್ ನೆಲದಲ್ಲಿ ಮೊಳೆತ ವಿಷಯ ಅಮೆರಿಕ, ರಷ್ಯ, ಫ್ರಾನ್ಸ್, ಜಪಾನುಗಳಲ್ಲಿ ಬೆಳೆಯಿತು. ಗ್ಯೋಟಿಂಗೆನ್ ಖಾಲಿಯಾಗಿತ್ತು. ಕುನ್ಟ್ಸ್ ಅವರ ತಲೆಮಾರು ಅದನ್ನು ಮತ್ತೆ ಜರ್ಮನಿಯಲ್ಲಿ ಬೇರೂರಿಸಿತು.

ಹೆಸರಿನಲ್ಲಿರುವ ಸ್ಟಾರ್, ಅಂದರೆ ನಕ್ಷತ್ರದ ಗುರುತು, ಒಂದು ಕ್ರಿಯೆಯ 'ಹಿಂದುಮುಂದು' ರೂಪ ಅಂತ ಇಟ್ಟುಕೊಳ್ಳಿ. ಉದಾಹರಣೆ ನೋಡೋಣ. ಮೇಜು, ಪೆನ್ನು ಎರಡೂ ಬೇಕು ಈಗ.

ಕೊನೆಯೇ ಇಲ್ಲದ ಒಂದು ಬೆಂಚು. ಅದರ ಮೇಲೆ 0, 1, 2, 3 ಎಂದು ಮುಗಿಯದಷ್ಟು ಜಾಗಗಳು, ಪ್ರತಿ ಜಾಗದಲ್ಲೂ ಒಬ್ಬ ವಿದ್ಯಾರ್ಥಿ. 'ಸ' ಎಂಬ ಕ್ರಿಯೆ ಎಲ್ಲರನ್ನೂ ಅವರ ಸಂಖ್ಯೆಯ ಎರಡು ಪಟ್ಟು ಇರುವ ಜಾಗಕ್ಕೆ ಕಳಿಸುತ್ತದೆ: 0 ಅಲ್ಲೇ, 1 ಹೋಗಿ 2ಕ್ಕೆ, 2 ಹೋಗಿ 4ಕ್ಕೆ, 3 ಹೋಗಿ 6ಕ್ಕೆ. ಎಲ್ಲರಿಗೂ ಜಾಗ ಸಿಕ್ಕಿತು, ಯಾರೂ ಇನ್ನೊಬ್ಬರ ಮೇಲೆ ಕೂರಲಿಲ್ಲ, ಆದರೂ ಅರ್ಧ ಬೆಂಚು ಖಾಲಿ! ಅನಂತದ ತಮಾಷೆ ಇದು. ಜರ್ಮನಿಯವರೇ ಆದ ಡೇವಿಡ್ ಹಿಲ್ಬರ್ಟ್ ತಮ್ಮ ಉಪನ್ಯಾಸಗಳಲ್ಲಿ ಇದನ್ನೇ ಮುಗಿಯದಷ್ಟು ಕೋಣೆಗಳ ಹೋಟೆಲ್ಲಿನ ಕಥೆಯಾಗಿ ಹೇಳುತ್ತಿದ್ದರು. ಈಗ 'ಬೆ' ಎಂಬ ಇನ್ನೊಂದು ಕ್ರಿಯೆ: ಎರಡು ಪಟ್ಟು ಮಾಡಿ ಒಂದು ಕೂಡಿಸು. ಇದು ಎಲ್ಲರನ್ನೂ ಬೆಸಸಂಖ್ಯೆಯ ಜಾಗಗಳಿಗೆ ಕಳಿಸುತ್ತದೆ. ಸ ಅಂದರೆ ಸಮ, ಬೆ ಅಂದರೆ ಬೆಸ. ಹೆಸರು ನಾನು ಇಟ್ಟದ್ದು.

ಸ* ಅಂದರೆ ಸ-ದ ಹಿಂದುಮುಂದು. ಸಮ ಜಾಗದಲ್ಲಿರುವವರನ್ನು ಅದು ಮೊದಲಿನ ಜಾಗಕ್ಕೆ ವಾಪಸ್ ತರುತ್ತದೆ: 6ರಲ್ಲಿ ಕೂತವರು 3ಕ್ಕೆ. ಬೆಸ ಜಾಗದಲ್ಲಿರುವವರು? ಅವರು ಸ-ದಿಂದ ಬಂದವರೇ ಅಲ್ಲ, ಹಾಗಾಗಿ ಸ* ಅವರನ್ನು ಮನೆಗೆ ಕಳಿಸಿಬಿಡುತ್ತದೆ, ಅಂದರೆ ಸೊನ್ನೆ. ಈಗ ಮೂರು ಸಂಗತಿ ನೀವೇ ಪರೀಕ್ಷಿಸಿ. ಮೊದಲು ಸ ಮಾಡಿ, ಆಮೇಲೆ ಸ* ಮಾಡಿದರೆ ಎಲ್ಲರೂ ಇದ್ದಲ್ಲೇ. ಇದನ್ನು ಸ*ಸ = 1 ಎಂದು ಬರೆಯೋಣ (ಬಲಗಡೆಯದು ಮೊದಲು ನಡೆಯುತ್ತದೆ). ಹಾಗೆಯೇ ಬೆ*ಬೆ = 1. ಆದರೆ ಮೊದಲು ಸ* ಮಾಡಿ ಆಮೇಲೆ ಸ ಮಾಡಿದರೆ ಸಮ ಜಾಗದವರು ಮಾತ್ರ ಉಳಿಯುತ್ತಾರೆ, ಬೆಸದವರು ಅಳಿಯುತ್ತಾರೆ. ಅಂದರೆ ಸಸ* ಎಂಬುದು 1 ಅಲ್ಲ, ಬೆಂಚಿನ ಸಮ ಭಾಗ ಮಾತ್ರ. ಬೆಬೆ* ಬೆಸ ಭಾಗ. ಎರಡನ್ನೂ ಕೂಡಿಸಿದರೆ ಇಡೀ ಬೆಂಚು:

ಸಸ* + ಬೆಬೆ* = 1.

ಇಷ್ಟೇ. ಈ ಎರಡು ಕ್ರಿಯೆಗಳು, ಅವುಗಳ ನಕ್ಷತ್ರಗಳು, ಅವನ್ನು ಗುಣಿಸಿ, ಕೂಡಿಸಿ, ಅಂಥವುಗಳ ಹತ್ತಿರ ಹತ್ತಿರ ಹೋಗಿ ಸಿಗುವುದೆಲ್ಲ ಸೇರಿದರೆ ಕುನ್ಟ್ಸ್ ಅವರ 'ಓ-2'. ಎರಡರ ಬದಲು ಮೂರು ಭಾಗ ಮಾಡಿದರೆ (3ರಿಂದ ಭಾಗಿಸಿದಾಗ ಶೇಷ 0, 1, 2 ಬರುವ ಜಾಗಗಳು) ಓ-3. ಹತ್ತು ಭಾಗವಾದರೆ ಓ-10.

"ಸರಿ ಸರ್, ಇದರಲ್ಲಿ ದೊಡ್ಡದೇನಿದೆ?" ಎನ್ನುತ್ತೀರಿ. 1977ರ ಲೇಖನ ಇಲ್ಲಿ ಎರಡು ವಿಷಯ ಸಾಧಿಸಿತು. ಒಂದು: ಬೆಂಚಿನ ಬದಲು ಬೇರೆ ಏನನ್ನು ತೆಗೆದುಕೊಂಡರೂ ಸಿಗುವುದು ಅದೇ ಬೀಜಗಣಿತ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಇಡೀ ಗೆರೆಯ ಮೇಲಿನ ಚಿತ್ರವನ್ನು ಎಡ ಅರ್ಧಕ್ಕೆ ಕುಗ್ಗಿಸುವುದು ಸ, ಬಲ ಅರ್ಧಕ್ಕೆ ಕುಗ್ಗಿಸುವುದು ಬೆ ಎಂದರೂ ಓ-2ವೇ. ಬೆಂಚು ಬಿಡಿಬಿಡಿ, ಗೆರೆ ಅಖಂಡ. ಆದರೂ ಬೀಜಗಣಿತಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಚಿತ್ರ, ಸಂಕೇತಗಳನ್ನು ಅರ್ಧರ್ಧ ಮಾಡುತ್ತಾ ಕುಗ್ಗಿಸಿಡುವ ವೇವ್ಲೆಟ್ ವಿಧಾನಗಳ ಹಿಂದೆ ಇವೇ ಸಮೀಕರಣಗಳಿವೆ ಎಂದು ಆಮೇಲೆ ಗಣಿತಜ್ಞರು ಗಮನಿಸಿದರು.

ಎರಡು: ಈ ಬೀಜಗಣಿತಗಳು 'ಸರಳ'. ಇಲ್ಲಿ ಸರಳ ಅಂದರೆ ಸುಲಭ ಅಂತ ಅಲ್ಲ, ಒಡೆಯಲಾಗದ್ದು ಅಂತ. ಅದರೊಳಗಿನ ಸೊನ್ನೆಯಲ್ಲದ ಯಾವುದನ್ನಾದರೂ "ಇದನ್ನು ಸೊನ್ನೆ ಅಂದುಕೊಳ್ಳೋಣ" ಎಂದರೆ ಇಡೀ ಬೀಜಗಣಿತವೇ ಕುಸಿದು ಸೊನ್ನೆಯಾಗುತ್ತದೆ. ಒಂದು ಉದಾಹರಣೆಯನ್ನು ನೀವೇ ಮಾಡಿ ನೋಡಬಹುದು. ಸಮ ಭಾಗವನ್ನು ಮರೆತುಬಿಡೋಣ, ಸಸ* = 0 ಎನ್ನೋಣ. ಎಡಕ್ಕೆ ಸ*, ಬಲಕ್ಕೆ ಸ ಇಟ್ಟು ಗುಣಿಸಿ: ಸ*ಸ ಸ*ಸ = 0. ಆದರೆ ಸ*ಸ ಅಂದರೆ 1. ಹಾಗಾಗಿ 1 × 1 = 0, ಅಂದರೆ 1 = 0. ಎಲ್ಲವೂ ಹೋಯಿತು! ಸಮ ಭಾಗಕ್ಕೆ ಮಾತ್ರವಲ್ಲ, ಸೊನ್ನೆಯಲ್ಲದ ಪ್ರತಿಯೊಂದು ಅಂಶಕ್ಕೂ ಹೀಗೆಯೇ ಆಗುತ್ತದೆ ಎಂದು ಸಾಧಿಸುವುದೇ ಕಷ್ಟದ ಭಾಗ. ಅದನ್ನು ಕುನ್ಟ್ಸ್ ಮಾಡಿದರು. ಅನಂತವೂ ಆಗಿ, ಸರಳವೂ ಆಗಿ, ಎಣಿಸಬಹುದಾದಷ್ಟು ಅಂಶಗಳಿಂದ ಹತ್ತಿರ ಹೋಗಬಹುದಾದಂಥ ಬೀಜಗಣಿತಕ್ಕೆ ಕೈಗೆ ಸಿಗುವ ಉದಾಹರಣೆ ಅಲ್ಲಿಯ ತನಕ ಇರಲಿಲ್ಲ.

ಈಗ ನಿಜವಾದ ತೊಡಕು. ಓ-2 ಮತ್ತು ಓ-3 ಬೇರೆ ಬೇರೆಯೇ? ಹೆಸರು ಬೇರೆ ಇಟ್ಟ ಮಾತ್ರಕ್ಕೆ ವಸ್ತು ಬೇರೆ ಆಗುವುದಿಲ್ಲ. ಓ-3ರ ಒಳಗೇ ಎಲ್ಲೋ ಜಾಣತನದಿಂದ, ಇಡೀ ಬೆಂಚನ್ನು ಎರಡೇ ಭಾಗ ಮಾಡಿ, ಪ್ರತಿ ಭಾಗವೂ ಇಡೀ ಬೆಂಚಿಗೆ ಸಮ ಮಾಡುವ ಕ್ರಿಯೆಗಳು ಅಡಗಿದ್ದರೆ? ಕಾಗದ ಹರಿಯುವ ದಾರಿಯಲ್ಲಿ ಹೋದರೆ 1, 3, 5, 7 ಭಾಗಗಳು ಮಾತ್ರ ಸಿಗುತ್ತವೆ ಎಂದು ನೋಡಿದೆವು. ಆದರೆ ಒಂದು ದಾರಿಯಲ್ಲಿ ಆಗೋಲ್ಲ ಅನ್ನೋದು ಬೇರೆ, ಯಾವ ದಾರಿಯಲ್ಲೂ ಆಗೋಲ್ಲ ಅನ್ನೋದು ಬೇರೆ. ಓ-3ರಲ್ಲಿ ಮುಗಿಯದಷ್ಟು ಕ್ರಿಯೆಗಳಿವೆ, ಒಂದೊಂದನ್ನೇ ಪರೀಕ್ಷಿಸಿ ಮುಗಿಸಲಾಗದು.

ಇಂಥ ಕಡೆ ಬೇಕಾಗುವುದು ಒಂದು ಅಳತೆಪಟ್ಟಿ, ಯಾವ ಜಾಣ ಕ್ರಿಯೆಗೂ ಮೋಸ ಹೋಗದಂಥದ್ದು. ಅದಕ್ಕೆ ಕೆ-ಥಿಯರಿ ಎಂದು ಹೆಸರು. 'ಕೆ' ಬಂದದ್ದು 'ಕ್ಲಾಸೆ' ಎಂಬ ಜರ್ಮನ್ ಪದದಿಂದ, ಅಂದರೆ ವರ್ಗ. ಹೆಸರಿಟ್ಟವರು ಬರ್ಲಿನ್ನಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ದುಡಿದ ಅಲೆಕ್ಸಾಂಡರ್ ಗ್ರೋಥೆಂಡೀಕ್. ವಿಚಾರ ಹೀಗಿದೆ: ಒಂದು ಭಾಗವನ್ನು ಇನ್ನೊಂದಕ್ಕೆ ಪೂರ್ತಿಯಾಗಿ ಸಾಗಿಸಿ ವಾಪಸ್ ತರುವ ಕ್ರಿಯೆ ಬೀಜಗಣಿತದ ಒಳಗೇ ಇದ್ದರೆ ಆ ಎರಡು ಭಾಗಗಳು ಒಂದೇ ವರ್ಗ. ಬೇರೆ ಬೇರೆ ಭಾಗಗಳನ್ನು ಜೋಡಿಸಿದರೆ ವರ್ಗಗಳ ಸಂಕಲನ.

ಓ-2ರಲ್ಲಿ ಏನಾಗುತ್ತದೆ? ಸ ಎಂಬ ಕ್ರಿಯೆ ಇಡೀ ಬೆಂಚನ್ನು ಸಮ ಭಾಗಕ್ಕೆ ಸಾಗಿಸುತ್ತದೆ, ಹಾಗಾಗಿ ಸಮ ಭಾಗ = ಇಡೀ = 1. ಬೆಸ ಭಾಗವೂ 1. ಎರಡೂ ಸೇರಿ ಇಡೀ. ಆದ್ದರಿಂದ 1 = 1 + 1. ಎರಡೂ ಕಡೆ 1 ಕಳೆದರೆ 0 = 1. ಅಳತೆಪಟ್ಟಿಯಲ್ಲಿ ಎಲ್ಲವೂ ಸೊನ್ನೆ! ಬೆಂಚು ಮಾಯವಾಯಿತು ಅಂತಲ್ಲ. ಈ ಪಟ್ಟಿ ಓ-2ರಲ್ಲಿ ಯಾವ ವ್ಯತ್ಯಾಸವನ್ನೂ ಕಾಣುವುದಿಲ್ಲ, ಅಷ್ಟೇ. ಓ-3ರಲ್ಲಿ? 1 = 1 + 1 + 1, ಆದ್ದರಿಂದ 2 = 0. ಸಮ ಸಂಖ್ಯೆಗಳೆಲ್ಲ 0, ಬೆಸಗಳೆಲ್ಲ 1. ಹಾಳೆಯ ಒಗಟೇ ಇದು. ಈಗ ಯಾರಾದರೂ ಓ-3ರ ಒಳಗೆ ಇಡೀ ಬೆಂಚನ್ನು ಎರಡು 'ಇಡೀ'ಗಳಾಗಿ ಒಡೆದರೆ 1 = 2 = 0 ಆಗಬೇಕಾಗುತ್ತದೆ. ಆದರೆ ಅಲ್ಲಿ 1 ಸೊನ್ನೆಯಲ್ಲ. ಹಾಗಾಗಿ ಅದು ಅಸಾಧ್ಯ. ಎಷ್ಟು ಜಾಣರಾದರೂ.

ನಿಮ್ಮಲ್ಲಿ ಚುರುಕಾದವರು ಇಲ್ಲಿ ಕೈ ಎತ್ತಬೇಕು. "ಅನಂತದಲ್ಲಿ ಹೀಗೆ ಕಳೆಯಬಹುದಾ? ಅನಂತ + 1 = ಅನಂತ ಅಂತ ಬರೆದು, ಎರಡೂ ಕಡೆ ಅನಂತ ಕಳೆದು 1 = 0 ಅಂದರೆ ನೀವು ಮಾರ್ಕ್ಸ್ ಕೊಡ್ತೀರಾ?" ಕೊಡೋದಿಲ್ಲ. ಪ್ರಶ್ನೆ ಸರಿಯಾಗಿದೆ. ಬೆಂಚಿನ ಮೇಲಿನ ಎಲ್ಲ ಕ್ರಿಯೆಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಹಾಗೆಯೇ ಆಗುತ್ತದೆ, ಅಳತೆಪಟ್ಟಿಯಲ್ಲಿ ಎಲ್ಲವೂ ಸೊನ್ನೆಯಾಗಿ ಏನೂ ಉಳಿಯುವುದಿಲ್ಲ. ಓ-3ರಲ್ಲಿ 2 = 0 ಎಂದು ತೋರಿಸುವುದು ಒಂದು ಸಾಲಿನ ಕೆಲಸ. 1 ಸೊನ್ನೆಯಾಗದೆ ಉಳಿಯುತ್ತದೆ ಎಂದು ತೋರಿಸುವುದೇ ನಿಜವಾದ ಕೆಲಸ. ಓ-2, ಓ-3ಗಳನ್ನು ಬೇರ್ಪಡಿಸುವ ಬೇರೆ ದಾರಿಗಳನ್ನು ರುಮೇನಿಯದ ಪಿಮ್ಸ್ನರ್, ಪೋಪಾ ಮುಂತಾದವರು ಬೇಗನೆ ಕಂಡಿದ್ದರು. 1981ರಲ್ಲಿ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಕುನ್ಟ್ಸ್ ಪೂರ್ತಿ ಲೆಕ್ಕ ಕೊಟ್ಟರು. ಅಲ್ಲಿ ಕಳೆಯುವುದು ಏಕೆ ನ್ಯಾಯ ಎನ್ನುವುದಕ್ಕೂ ಉತ್ತರ ಇದೆ: ಇಂಥ ಬೀಜಗಣಿತಗಳಲ್ಲಿ ಸೊನ್ನೆಯಲ್ಲದ ಭಾಗಗಳ ವರ್ಗಗಳೇ ಕೂಡುವ, ಕಳೆಯುವ ನಿಯಮಗಳನ್ನೆಲ್ಲ ಪಾಲಿಸುತ್ತವೆ. ಓ-3ಕ್ಕೆ 2, ಓ-4ಕ್ಕೆ 3, ಓ-5ಕ್ಕೆ 4 ಸೊನ್ನೆಯಾಗುತ್ತದೆ. ಅದಕ್ಕಿಂತ ಚಿಕ್ಕದು ಯಾವುದೂ ಆಗುವುದಿಲ್ಲ.

ಓ-10 ತೆಗೆದುಕೊಂಡರೆ 9 = 0. ಇದನ್ನು ನೀವು ನೋಡಿದ್ದೀರಿ! ನಿಮ್ಮ ಅಜ್ಜ ಲೆಕ್ಕ ತಾಳೆ ನೋಡುತ್ತಿದ್ದ 'ಒಂಬತ್ತು ತೆಗೆಯುವ' ಉಪಾಯ ಇದೇ. 47 × 38 = 1786 ಸರಿಯೇ? 4 + 7 = 11, ಅದು 2. 3 + 8 = 11, ಅದೂ 2. ಗುಣಿಸಿದರೆ 4. ಆ ಕಡೆ 1 + 7 + 8 + 6 = 22, ಅದು 4. ತಾಳೆಯಾಯಿತು. ಅಂಕಿಗಳನ್ನು ಸುಮ್ಮನೆ ಕೂಡಿಸಿದರೆ ಏಕೆ ಸಾಕು? ಏಕೆಂದರೆ 9ನ್ನು ಸೊನ್ನೆ ಎಂದುಕೊಂಡರೆ 10 ಅಂದರೆ 1, 100 ಅಂದರೂ 1. ನೂರರ ಸ್ಥಾನ, ಹತ್ತರ ಸ್ಥಾನ ಎಲ್ಲ ಬಿಡಿಯ ಸ್ಥಾನವೇ ಆಗಿಬಿಡುತ್ತದೆ. ಹತ್ತು ಭಾಗಗಳಲ್ಲಿ ಪ್ರತಿಯೊಂದೂ ಇಡೀಗೆ ಸಮ ಎಂಬ ಓ-10ರ ನಿಯಮವೂ ಅದನ್ನೇ ಹೇಳುತ್ತಿದೆ.

ಆ ವೇಳೆಗೆ ಹೈಡೆಲ್‌ಬರ್ಗ್‌ನ ವೋಲ್ಫ್‌ಗಾಂಗ್ ಕ್ರೀಗರ್ ಜೊತೆ ಕುನ್ಟ್ಸ್ ಇನ್ನೊಂದು ಹೆಜ್ಜೆ ಇಟ್ಟಿದ್ದರು (1980). ಯಾವ ಚಿಹ್ನೆಯ ನಂತರ ಯಾವುದು ಬರಬಹುದು, ಯಾವುದು ಬರಕೂಡದು ಎಂಬ ನಿಯಮವನ್ನು 1 ಮತ್ತು 0ಗಳ ಕೋಷ್ಟಕವಾಗಿ ಕೊಡಿ, ಅದರಿಂದ ಒಂದು ಬೀಜಗಣಿತ ಹುಟ್ಟುತ್ತದೆ ಎಂದು ಅವರು ತೋರಿಸಿದರು. ಇದಕ್ಕೆ ನಮ್ಮ ವ್ಯಾಕರಣದ ತರಗತಿಯಿಂದಲೇ ಒಂದು ಉದಾಹರಣೆ ಕಟ್ಟೋಣ. ಕನ್ನಡದಲ್ಲಿ ಸ್ವರದ ಬೆನ್ನಿಗೆ ಸ್ವರ ಬಂದರೆ ನಾವು ಸುಮ್ಮನಿರುವುದಿಲ್ಲ. ಊರು + ಅಲ್ಲಿ ಅಂದರೆ 'ಊರಲ್ಲಿ', ಒಂದು ಸ್ವರ ಲೋಪ. ಮನೆ + ಅನ್ನು ಅಂದರೆ 'ಮನೆಯನ್ನು', ನಡುವೆ ಯಕಾರ ಆಗಮ. ಇದನ್ನು ಆಟದ ನಿಯಮ ಮಾಡಿ: ಸ್ವರದ ನಂತರ ವ್ಯಂಜನವೇ ಬರಬೇಕು, ವ್ಯಂಜನದ ನಂತರ ಏನೂ ಬರಬಹುದು. ಹೀಗೆ ಕೊನೆಯೇ ಇಲ್ಲದ ಪದಗಳನ್ನು ಬರೆಯುತ್ತಾ ಹೋಗಿ. (ಕೊನೆ ಇರುವ ಪದಗಳ ಮಾದರಿಗಳನ್ನು ಎಣಿಸಿದರೆ ಒಂದು ಅಕ್ಷರಕ್ಕೆ 2, ಎರಡಕ್ಕೆ 3, ಮೂರಕ್ಕೆ 5, ನಾಲ್ಕಕ್ಕೆ 8. ಈ ಸಾಲಿನ ಹೆಸರು ನಿಮಗೆ ಗೊತ್ತು.)

ಇದು ಯಾವ ಬೀಜಗಣಿತ? ವ್ಯಂಜನದಿಂದ ಶುರುವಾಗುವ ಪದಗಳನ್ನು ನೋಡಿ. ಮೊದಲ ಅಕ್ಷರ ತೆಗೆದರೆ ಉಳಿಯುವುದು ಯಾವ ಪದವೂ ಆಗಬಹುದು. ಹಾಗಾಗಿ ವ್ಯಂಜನ ಭಾಗ = ಇಡೀ. ಸ್ವರದಿಂದ ಶುರುವಾಗುವ ಪದಗಳಲ್ಲಿ ಮೊದಲ ಅಕ್ಷರ ತೆಗೆದರೆ ಉಳಿಯುವುದು ವ್ಯಂಜನದಿಂದಲೇ ಶುರುವಾಗಬೇಕು. ಹಾಗಾಗಿ ಸ್ವರ ಭಾಗ = ವ್ಯಂಜನ ಭಾಗ = ಇಡೀ. ಒಟ್ಟಿನಲ್ಲಿ 1 = 1 + 1. ಅಂದರೆ ಸಂಧಿ ನಿಯಮದಿಂದ ಹುಟ್ಟಿದ್ದು ಬೇರೆ ಯಾವುದೂ ಅಲ್ಲ, ನಮ್ಮ ಹಳೆಯ ಸ್ನೇಹಿತ ಓ-2! ಈ ಲೆಕ್ಕ ಮೊದಲ ಸಲ ಮಾಡಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಕನ್ನಡ ಮೇಷ್ಟ್ರಿಗೆ ತೋರಿಸಿದೆ. "ಸಂಧಿಯಲ್ಲಿ ಇಷ್ಟೆಲ್ಲ ಇದೆಯಾ" ಅಂದರು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಫ್ರಾನ್ಸಿನ ಮಾರ್ಸೇಯಲ್ಲಿ, ನಂತರ ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರು. 1990ರಲ್ಲಿ ಜಪಾನಿನ ಕ್ಯೋಟೋದಲ್ಲಿ ನಡೆದ ಗಣಿತಜ್ಞರ ವಿಶ್ವ ಸಮ್ಮೇಳನದಲ್ಲಿ ಆಹ್ವಾನಿತ ಉಪನ್ಯಾಸ. 1997ರಿಂದ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯ. ಫೀಲ್ಡ್ಸ್ ಪದಕ ಪಡೆದ ಡೇನಿಯಲ್ ಕ್ವಿಲ್ಲನ್ ಜೊತೆ ಮಹತ್ವದ ಕೆಲಸ. 1999ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಪ್ರಶಸ್ತಿ. 1978ರಲ್ಲಿ ಅವರು ಬರೆದಿಟ್ಟಿದ್ದ, ಭಾಗಗಳನ್ನು ಹೋಲಿಸುವ ಇನ್ನೊಂದು ವಿಧಾನ 'ಕುನ್ಟ್ಸ್ ಅರೆಗುಂಪು' ಎಂಬ ಹೆಸರಿನಲ್ಲಿ ಮೂವತ್ತು ವರ್ಷಗಳ ನಂತರ ಮುನ್ನೆಲೆಗೆ ಬಂತು. ಕೆ-ಥಿಯರಿಗೂ ಬೇರ್ಪಡಿಸಲಾಗದ ಬೀಜಗಣಿತಗಳನ್ನು ಆಂಡ್ರೂ ಟಾಮ್ಸ್ 2008ರಲ್ಲಿ ಅದರಿಂದಲೇ ಬೇರ್ಪಡಿಸಿದರು.

ಆದರೆ ಕುನ್ಟ್ಸ್ ಬಿತ್ತಿದ್ದರಲ್ಲಿ ದೊಡ್ಡ ಬೆಳೆ ತೆಗೆದವರು ಇನ್ನೊಬ್ಬ ಜರ್ಮನ್, ಎಬರ್‌ಹಾರ್ಡ್ ಕಿರ್ಷ್‌ಬೆರ್ಗ್ (1946-2022). ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದವರು. ಗೋಡೆ ಇದ್ದ ಕಾಲದಲ್ಲಿ ಆ ವಿಶ್ವವಿದ್ಯಾಲಯ ಪೂರ್ವದ ಅರ್ಧದಲ್ಲಿತ್ತು. 1994ರ ಜೂರಿಕ್ ಸಮ್ಮೇಳನದ ಹೊತ್ತಿಗೆ ಅವರು ಕಂಡುಕೊಂಡಿದ್ದ ಫಲಿತಾಂಶ ಇದು: 'ನಿಖರ' ಎಂಬ ಗುಣವಿರುವ, ಎಣಿಸಬಹುದಾದ ಅಂಶಗಳಿಂದ ಹತ್ತಿರ ಹೋಗಬಹುದಾದ ಸಿ-ಸ್ಟಾರ್ ಬೀಜಗಣಿತ ಯಾವುದನ್ನೇ ತನ್ನಿ, ಅದರ ಪೂರ್ತಿ ಪ್ರತಿರೂಪ ಓ-2ರ ಒಳಗೆ ಇದ್ದೇ ಇದೆ. ಅಮೆರಿಕದ ಕ್ರಿಸ್ಟೋಫರ್ ಫಿಲಿಪ್ಸ್ ಜೊತೆ ಬರೆದ ಸಾಧನೆ 2000ದಲ್ಲಿ ಅಚ್ಚಾಯಿತು. ಕೆ-ಥಿಯರಿಯ ಅಳತೆಪಟ್ಟಿಯಲ್ಲಿ ಸೊನ್ನೆ ಬಂದ ಅದೇ ಓ-2! ಸಾಸಿವೆಯೊಳಗೆ ಸಾಗರ ಅಂದರೆ ಇದೇ ಇರಬೇಕು. ಇನ್ನೂ ಮುಂದೆ, ಓ-3, ಓ-4ರ ಜಾತಿಯ ಬೀಜಗಣಿತಗಳ ಒಂದು ದೊಡ್ಡ ಕುಟುಂಬವನ್ನು ಕೆ-ಥಿಯರಿಯ ಅಳತೆಯಿಂದಲೇ ಪೂರ್ತಿ ಗುರುತಿಸಬಹುದು ಎಂದೂ ಈ ಇಬ್ಬರು ತೋರಿಸಿದರು.

ಕುನ್ಟ್ಸ್ ಅವರು ಅರವತ್ತರ ಹತ್ತಿರ ಬಂದಾಗ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. 2008ರಲ್ಲಿ ಅವರು ಮತ್ತೆ ಬೆಂಚಿಗೆ ಬಂದರು. ಈ ಸಲ ಸ, ಬೆ ಮಾತ್ರವಲ್ಲ, 2ರಿಂದ ಗುಣಿಸು, 3ರಿಂದ ಗುಣಿಸು, 4ರಿಂದ ಗುಣಿಸು ಎಂಬ ಎಲ್ಲ ಕ್ರಿಯೆಗಳೂ, ಜೊತೆಗೆ 'ಒಂದು ಕೂಡಿಸು'. (ಬೆಂಚನ್ನು ಎಡಕ್ಕೂ, ಋಣ ಸಂಖ್ಯೆಗಳ ಕಡೆಗೂ ಬೆಳೆಸಬೇಕು.) ಮೊದಲು 1 ಕೂಡಿಸಿ 3ರಿಂದ ಗುಣಿಸಿದರೂ, ಮೊದಲು 3ರಿಂದ ಗುಣಿಸಿ ಆಮೇಲೆ 3 ಕೂಡಿಸಿದರೂ ಒಂದೇ, ಏಳನೇ ತರಗತಿಯ ವಿಭಾಜಕ ನಿಯಮ ಅದು. 3ರಿಂದ ಭಾಗಿಸಿದಾಗ ಶೇಷ 0, 1, 2 ಬರುವ ಮೂರು ಗುಂಪು ಸೇರಿದರೆ ಎಲ್ಲ ಸಂಖ್ಯೆಗಳೂ ಬಂದವು, ಇದೂ ಗೊತ್ತಿದ್ದದ್ದೇ. ಇಂಥ ನಿಯಮಗಳನ್ನೇ ಇಟ್ಟುಕೊಂಡು ಕಟ್ಟಿದ ಬೀಜಗಣಿತವೂ ಓ-2, ಓ-3ಗಳ ಹಾಗೆ ಅನಂತ, ಹಾಗೆಯೇ ಸರಳ ಎಂದು ಅವರು ಸಾಧಿಸಿದರು. ಲೇಖನದ ಆರಂಭದಲ್ಲಿ 5ನ್ನು 11 ಮತ್ತು 12 ಮಾಡಿದೆವಲ್ಲ, ಆ ಎರಡು ಕ್ರಿಯೆಗಳು ಅದರ ಒಳಗೇ ಇವೆ.

ಈ ವಿಷಯ ಮುಂದೆ ಓದಬೇಕು ಎನ್ನುವವರಿಗೆ ಒಂದು ಮಾಹಿತಿ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರದಲ್ಲಿ ಆಪರೇಟರ್ ಬೀಜಗಣಿತದ ಸಂಶೋಧನೆ ನಡೆಯುತ್ತದೆ. ಹನ್ನೆರಡನೇ ತರಗತಿಯ ನಂತರ ಸೇರಬಹುದಾದ ಬಿ.ಮ್ಯಾಥ್ ಪದವಿಯೂ ಅಲ್ಲಿದೆ. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯಲ್ಲೂ ಈ ವಿಷಯಕ್ಕೆ ಒಳ್ಳೆಯ ಪರಂಪರೆ ಇದೆ.

ಕಡೆಗೆ ಒಂದು ಮನೆಗೆಲಸ. ಒಂದು ಭಾಷೆಯಲ್ಲಿ ಕ, ಗ, ಚ ಎಂಬ ಮೂರೇ ಅಕ್ಷರಗಳಿವೆ. ಕ ಆದ ಮೇಲೆ ಯಾವುದೂ ಬರಬಹುದು. ಗ ಆದ ಮೇಲೂ ಯಾವುದೂ ಬರಬಹುದು. ಚ ಆದ ಮೇಲೆ ಮಾತ್ರ ಕ ಬಿಟ್ಟು ಬೇರೆ ಬರಕೂಡದು. ಈ ಭಾಷೆಯ ಕೊನೆಯಿಲ್ಲದ ಪದಗಳಿಂದ ಯಾವ ಓ ಹುಟ್ಟುತ್ತದೆ? ಚ ಆದ ಮೇಲೆ ಚ ಮಾತ್ರ ಬರಬೇಕು ಎಂದು ನಿಯಮ ಬದಲಿಸಿದರೆ ನಮ್ಮ ಲೆಕ್ಕ ಎಲ್ಲಿ ಮುರಿಯುತ್ತದೆ? ಉತ್ತರವನ್ನಷ್ಟೇ ಅಲ್ಲ, ಅದು ಹೇಗೆ ಬಂತು ಎಂಬುದನ್ನೂ ಬರೆದು ನಿಮ್ಮ ಗಣಿತದ ಟೀಚರಿಗೆ ತೋರಿಸಿ.